ಸುಲಿಯೋರು ನಾವು, ಗ್ರೇಡ್ ಹಾಕೋರು ಅವರು

ಪೋಸ್ಟ್ ಸ್ವಲ್ಪ ಉದ್ದ ಐತೆ, ಪುರುಸೊತ್ತು ಮಾಡ್ಕೊಂಡು ಓದಿ. ಸಿನಿಮಾ ವಿಷಯ. "ಇವನಿಗ್ಯಾಕೆ ಸಿನಿಮಾ ಉಸಾಬರಿ, ಹೋರಾಟ ಮಾಡ್ಕೊಂಡಿರಲಿ" ಅನ್ನೋರು ಕೊನೆ ತನಕ ಓದಿ ಆಮೇಲೆ ಬೈಯಿರಿ.

ಏಪ್ರಿಲ್ 14ರ ಕಾರ್ಯಕ್ರಮ ಮುಗಿದ ಮೇಲೆ ಜಗಳೂರು ತಾಲ್ಲೂಕಿನ ಒಂದು ಕಾಲೋನಿಯಲ್ಲಿ ಪಿಕ್ಚರ್ ಹಾಕಲೇಬೇಕು ಅಂತ ಹುಡುಗರು ಹಠ ಹಿಡಿದರು. ಸಮುದಾಯ ಭವನದ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ಪ್ರೊಜೆಕ್ಟರ್ ತಂದ್ವಿ. ಹೊಸ ಹುಡುಗರು ಜಾತಿ ಬಗ್ಗೆ ಮಾಡಿದ್ದ ಒಂದು ಸಣ್ಣ ಕನ್ನಡ ಸಿನಿಮಾ ಹಾಕೋದು ಅಂತ ತೀರ್ಮಾನ ಆಗಿತ್ತು. ಅಷ್ಟರಲ್ಲಿ ಹಾಸ್ಟೆಲ್ ಹುಡುಗನೊಬ್ಬ ಮೊಬೈಲ್ ಹಿಡ್ಕೊಂಡು ಬಂದ. "ಅಣ್ಣಾ, ಇದಕ್ಕೆ ಎರಡೇ ಸ್ಟಾರ್ ಕೊಟ್ಟವ್ರೆ. ಸಂದೇಶ ಜಾಸ್ತಿ, ಮನರಂಜನೆ ಕಡಿಮೆ ಅಂತೆ. ಬೇರೆ ಹಾಕೋಣ್ವಾ?" ಅಂದ. ಅದರ ಪಕ್ಕದಲ್ಲೇ ಒಬ್ಬ ದೊಡ್ಡ ಹೀರೋನ ಸಿನಿಮಾಕ್ಕೆ ಮೂರೂವರೆ ಸ್ಟಾರ್ ಇತ್ತು. ಅದರಲ್ಲಿ ಕಥೆ ಹುಡುಕಬೇಡಿ, ಅಭಿಮಾನಿಗಳಿಗೆ ಹಬ್ಬ ಅಂತ ಬರೆದಿದ್ದರು.

ನಾವು ಎರಡು ಸ್ಟಾರಿನ ಸಿನಿಮಾನೇ ಹಾಕಿದ್ವಿ. ಮುಗಿದು ಲೈಟ್ ಹಾಕಿದಾಗ ಯಾರೂ ಏಳಲಿಲ್ಲ. ಕೂಲಿಯಿಂದ ಬಂದು ಸೀದಾ ಕೂತಿದ್ದ ಒಬ್ಬ ಅಜ್ಜಿ, "ಆ ಲೋಟದ ಸೀನು ಇನ್ನೊಂಚೂರು ಹೊತ್ತು ತೋರಿಸ್ಬೇಕಿತ್ತು ಕಣಪ್ಪ" ಅಂದರು. ಹೋಟೆಲಿನ ಹೊರಗೆ ಸಿಕ್ಕಿಸಿಟ್ಟ ಬೇರೆ ಲೋಟದ ಸೀನು ಅದು. ವಿಮರ್ಶಕರು "ವಿನಾಕಾರಣ ಎಳೆದಿದ್ದಾರೆ" ಅಂತ ಬರೆದಿದ್ದೂ ಅದೇ ಸೀನನ್ನ.

ನಾನು ಅವತ್ತಿಂದ ಇದನ್ನೇ ಯೋಚನೆ ಮಾಡ್ತಿದೀನಿ.

ವಿಮರ್ಶಕರನ್ನ ಕೇಳಿದರೆ ಅವರ ಹತ್ತಿರ ಉತ್ತರ ರೆಡಿ ಇರುತ್ತೆ. ಒಂದೊಂದು ಬಗೆಯ ಸಿನಿಮಾಕ್ಕೂ ಒಂದೊಂದು ಅಳತೆ. ಹಾರರ್ ಆದರೆ ಹೆದರಿಸಿತಾ, ಕಾಮಿಡಿ ಆದರೆ ನಗಿಸಿತಾ, ಮಾಸ್ ಆದರೆ ಶಿಳ್ಳೆ ಬಿತ್ತಾ, ಆರ್ಟ್ ಆದರೆ ಕಾಡಿತಾ. ಕೇಳೋಕೆ ನ್ಯಾಯವಾಗೇ ಐತೆ. ನಾನೂ ಒಪ್ತೀನಿ. ಚನ್ನಗಿರಿ ಅಡಿಕೆಯನ್ನೂ ಹೊನ್ನಾಳಿ ಭತ್ತವನ್ನೂ ಒಂದೇ ಕಣ್ಣಲ್ಲಿ ನೋಡೋಕಾಗಲ್ಲ. ಅಡಿಕೆಗೇ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ದರ್ಜೆ ಇದಾವೆ. ಆದರೆ ಚನ್ನಗಿರಿ ಕಡೆ ಸುಗ್ಗಿಯಲ್ಲಿ ಅಡಿಕೆ ಸುಲಿಯೋಕೆ ರಾತ್ರಿ ಎಲ್ಲಾ ಕೂರೋ ಹೆಣ್ಣುಮಕ್ಕಳನ್ನ ಯಾರಾದರೂ "ಇದು ಯಾವ ದರ್ಜೆ ಕಣಮ್ಮ" ಅಂತ ಕೇಳಿದ್ದು ನೋಡಿದೀರಾ? ಅವರ ಬೆರಳಿಗೆ ಗೊತ್ತಿರೋದು ಗಾದಿ ಮೇಲೆ ಕೂತೋರಿಗೆ ಗೊತ್ತಿರಲ್ಲ. ಆದರೂ ದರ್ಜೆ ಹಾಕೋರು ಗಾದಿಯವರೇ.

ಸಿನಿಮಾದಲ್ಲೂ ಅದೇ ನಡೀತಿದೆ. ಅಳತೆ ಬೇರೆ ಬೇರೆ ಇರಲಿ, ತಕರಾರಿಲ್ಲ. ಆದರೆ ಎಲ್ಲ ಅಳತೆಗಳನ್ನೂ ಊರೊಳಗೆ ಕೂತು ಮಾಡಿದಾರೆ, ಕೇರಿ ಕಡೆಯಿಂದ ಯಾರೂ ಮಾಡಿಲ್ಲ. ನನ್ನ ತಕರಾರು ಇಷ್ಟೇ.

ಹಾರರ್ ತಗೊಳ್ಳಿ. ಮೈಮೇಲೆ ಬೂದಿ, ಕೈಯಲ್ಲಿ ತಲೆಬುರುಡೆ, ಸ್ಮಶಾನದಲ್ಲಿ ಮಂತ್ರ ಹಾಕೋನು. ಆ ವೇಷ ಎಲ್ಲಿಂದ ಬಂತು? ನಮ್ಮ ಪರಿಶಿಷ್ಟ ಜಾತಿ ಪಟ್ಟಿಯಲ್ಲೇ ಸುಡುಗಾಡು ಸಿದ್ಧರು ಅಂತ ಒಂದು ಅಲೆಮಾರಿ ಸಮುದಾಯ ಐತೆ. ಟೆಂಟಿನಲ್ಲಿ ಬದುಕಿ, ಊರೂರು ಅಲೆದು, ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿ ಸುತ್ತೋ ಜನ. ಸಿನಿಮಾ ಅವರ ಬದುಕನ್ನ ದೆವ್ವದ ವೇಷ ಮಾಡ್ಕೊಂಡಿದೆ. ವಿಮರ್ಶಕರು ಹಿನ್ನೆಲೆ ಸಂಗೀತ ಚೆನ್ನಾಗಿದೆ, ಎರಡು ಕಡೆ ಬೆಚ್ಚಿ ಬೀಳ್ತೀರಿ ಅಂತ ಬರೆದು ಮೂರು ಸ್ಟಾರ್ ಕೊಟ್ಟು ಮನೆಗೆ ಹೋಗ್ತಾರೆ. ಹೆಣ ಹೂಳೋಕೆ ಒಂದು ಗುಂಟೆ ಜಾಗ ಕೊಡಿ ಅಂತ ಅರ್ಜಿ ಹಿಡ್ಕೊಂಡು ಓಡಾಡೋ ಕಾಲೋನಿ ಜನಕ್ಕೆ ಸ್ಮಶಾನ ಅಂದರೆ ಬರೋ ಭಯಾನೇ ಬೇರೆ ಸ್ವಾಮಿ.

ಕಾಮಿಡಿ ಬಗ್ಗೆ ಹೇಳೋದೇ ಬೇಡ. ಕಪ್ಪು ಬಣ್ಣ, ನಮ್ಮ ಮಾತಿನ ಧಾಟಿ, ನಮ್ಮ ಅಪ್ಪ-ಅಜ್ಜಂದಿರಿಗೆ ಇಟ್ಟಿದ್ದ ಹೆಸರುಗಳು, ಎಲ್ಲವೂ ನಗೋಕೆ ಸಾಮಗ್ರಿ. ಥಿಯೇಟರಲ್ಲಿ ನಗು ಬಿತ್ತು, ಸಿನಿಮಾ ಪಾಸ್. ನಗದೇ ಕೂತಿದ್ದೋನ ಸೀಟಿನ ಕಡೆ ಯಾವ ವಿಮರ್ಶಕರೂ ತಿರುಗಿ ನೋಡಲ್ಲ.

ಈಗ ಎಲ್ಲರೂ ಕೈ ಮುಗಿಯೋ ಆರ್ಟ್ ಸಿನಿಮಾಕ್ಕೆ ಬರೋಣ. ಬಿ.ವಿ. ಕಾರಂತರ 'ಚೋಮನ ದುಡಿ' 1975ರಲ್ಲಿ ಬಂತು. ಶಿವರಾಮ ಕಾರಂತರ ಕಾದಂಬರಿ. ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು, ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ದೊಡ್ಡ ಸಿನಿಮಾ, ನಾನು ಅಲ್ಲ ಅನ್ನಲ್ಲ. ನೋಡಿ ಅತ್ತಿದೀನಿ. ಆದರೆ ಚೋಮ ಬೇಡಿದ್ದೇನು? ಒಂದು ತುಂಡು ಭೂಮಿ, ಬೇಸಾಯ ಮಾಡೋಕೆ. ಸಿಗಲಿಲ್ಲ. ದುಡಿ ಬಾರಿಸ್ತಾ ಸತ್ತ. ಸಿನಿಮಾ ಬರೋಕೆ ಒಂದು ವರ್ಷ ಮುಂಚೆ, 1974ರಲ್ಲಿ, ಅರಸು ಸರ್ಕಾರ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಿತ್ತು. ಉಳುವವನೇ ಒಡೆಯ. ಆದರೆ ಅರ್ಜಿ ಹಾಕಬೇಕಾದ್ದು ಫಾರಂ ನಂಬರ್ 7, ಹಾಕಬಹುದಾಗಿದ್ದು ಗೇಣಿದಾರ. ಚೋಮ ಗೇಣಿದಾರ ಅಲ್ಲ, ಜೀತದಾಳು. ಅವನು 1974ರಲ್ಲಿ ಬದುಕಿದ್ದರೂ ಅವನಿಗೆ ಆ ಫಾರಂ ಇರಲಿಲ್ಲ!

ಇದನ್ನ ಆ ಸಿನಿಮಾದ ಜೊತೆ ಇಟ್ಟು ಮಾತಾಡಿದ ವಿಮರ್ಶೆ ನನ್ನ ಕಣ್ಣಿಗಂತೂ ಬಿದ್ದಿಲ್ಲ. ದುಡಿಯ ನಾದದ ಬಗ್ಗೆ, ಮೌನದ ಬಗ್ಗೆ ಬೇಕಾದಷ್ಟು ಓದಿದೀನಿ. 2023ರ ಕೊನೆಯಲ್ಲಿ ದರ್ಶನ್ ಅವರ 'ಕಾಟೇರ' ಬಂತು. ಅದೂ ಅದೇ ಉಳುವವನೇ ಒಡೆಯ ಕಾಲದ ಕಥೆ. ಅದು ಮಾಸ್ ಸಿನಿಮಾ ಅಲ್ವಾ? ಹಾಗಾಗಿ ಮಾತೆಲ್ಲ ಫೈಟು, ಡೈಲಾಗು, ಹೀರೋ ಎಂಟ್ರಿ ಬಗ್ಗೆ. ಭೂಮಿ ಯಾರಿಗೆ ಸಿಕ್ತು, ಯಾರು ಕೂಲಿಯವರಾಗೇ ಉಳಿದರು ಅನ್ನೋ ಪ್ರಶ್ನೆ ಆರ್ಟ್ ಸಿನಿಮಾದಲ್ಲೂ ಏಳಲಿಲ್ಲ, ಮಾಸ್ ಸಿನಿಮಾದಲ್ಲೂ ಏಳಲಿಲ್ಲ. ಎರಡೂ ಬೇರೆ ಬೇರೆ ಡಬ್ಬಿ, ಆದರೆ ನಾವು ಎರಡರಲ್ಲೂ ಹೊರಗೆ. ಜಗಳೂರಿನ ಬರದ ನೆಲದಲ್ಲಿ ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯ್ತಾ ಕೂತಿರೋ ಯಾವನನ್ನಾದರೂ ಕರ್ಕೊಂಡು ಹೋಗಿ ಈ ಎರಡೂ ಸಿನಿಮಾ ತೋರಿಸಿ. ಅವನು ಮಾಡೋ ವಿಮರ್ಶೆ ಬರೆದುಕೊಳ್ಳೋಕೆ ನಿಮ್ಮ ಪೆನ್ನಲ್ಲಿ ಇಂಕು ಸಾಲಲ್ಲ.

ಇನ್ನೊಂದು ಮಾತು. ಸತ್ತ ಚೋಮನಿಗೆ ಸ್ವರ್ಣಕಮಲ. ಚೋಮನ ಮೊಮ್ಮಗ ತಿರುಗಿ ನಿಂತು ಕೂಗಿದರೆ "ಅಬ್ಬರ ಜಾಸ್ತಿ, ಸಂಯಮ ಇಲ್ಲ". ಹೀರೋ ಇಪ್ಪತ್ತು ಜನನ್ನ ಗಾಳಿಗೆ ತೂರಿದಾಗ ಈ ಸಂಯಮ ಎಲ್ಲಿ ಹೋಗಿರುತ್ತೆ? ಅಲ್ಲಿ ಅದು ಮಾಸ್. ನಮ್ಮಲ್ಲಿ ಅದು ಪ್ರಚಾರ.

ಅಸಲು ವಿಷಯ ಏನು ಗೊತ್ತಾ? ಸಿನಿಮಾ ಯಾವ ಬಗೆ ಅನ್ನೋದನ್ನ ನಿರ್ದೇಶಕ ಒಬ್ಬನೇ ತೀರ್ಮಾನ ಮಾಡಲ್ಲ. ಹುಟ್ಟಿದ ಕೇರಿನೂ ಮಾಡುತ್ತೆ. ನಾಗರಾಜ ಮಂಜುಳೆ 2016ರಲ್ಲಿ 'ಸೈರಾಟ್' ಮಾಡಿದರು. ಅರ್ಧ ಸಿನಿಮಾ ಹಾಡು, ಕುಣಿತ, ಕಾಲೇಜು, ಬಾವಿಗೆ ಜಿಗಿಯೋದು. ಅಪ್ಪಟ ಲವ್ ಸ್ಟೋರಿ. ಕೊನೆಗೆ ಸದ್ದೇ ಇಲ್ಲದ ಆ ದೃಶ್ಯ, ಆ ಮಗುವಿನ ಹೆಜ್ಜೆ. ಮರು ವರ್ಷ ಕನ್ನಡಕ್ಕೂ 'ಮನಸು ಮಲ್ಲಿಗೆ' ಅಂತ ಬಂತು. ಇದು ಪ್ರೇಮಕಥೆಯಾ, ಕ್ರೈಮಾ, ಸಾಮಾಜಿಕ ಚಿತ್ರವಾ? ಮೇಲಿನ ಬೀದಿಯ ಹುಡುಗನಿಗೆ ಪ್ರೇಮಕಥೆ ಅಂದರೆ ಕೊನೆಗೆ ಮದುವೆ. ನಮ್ಮ ಹುಡುಗನಿಗೆ ಅದು ಮೊದಲನೇ ಹಾಡಿನಿಂದಲೇ ಥ್ರಿಲ್ಲರ್. ನಮ್ಮ ತಾಯಂದಿರಿಗೆ ಹಾರರ್. ನಾಯಕ-ನಾಯಕಿ ಜೋಡಿ ಮುದ್ದಾಗಿದೆ, ಕೆಮಿಸ್ಟ್ರಿಗೆ ಅರ್ಧ ಸ್ಟಾರ್ ಜಾಸ್ತಿ ಅಂತ ಬರೆಯೋರಿಗೆ ಈ ಭಯ ಹೇಗೆ ಅರ್ಥ ಆಗಬೇಕು?

ಹಾಗಂತ ನಮ್ಮವರ ಸಿನಿಮಾಗಳನ್ನೆಲ್ಲ ಹೊಗಳಿ ಅಂತ ನಾನು ಹೇಳ್ತಿಲ್ಲ. ಬಾಬಾಸಾಹೇಬರ ಫೋಟೋ ಗೋಡೆಗೆ ಹಾಕಿ, ಹೀರೋಗೆ ನೀಲಿ ಶರ್ಟ್ ತೊಡಿಸಿ, ಹತ್ತು ನಿಮಿಷ ಭಾಷಣ ಹೊಡೆಸಿದ ತಕ್ಷಣ ಒಳ್ಳೆ ಸಿನಿಮಾ ಆಗಲ್ಲ. ಹಾಗೆ ಮಾಡಿದ ಗೆಳೆಯನ ಮುಖಕ್ಕೇ ಹೇಳಿದೀನಿ, ಒಂದು ತಿಂಗಳು ಮಾತು ಬಿಟ್ಟಿದ್ದ. ಕೆಟ್ಟ ಸಿನಿಮಾನ ಕೆಟ್ಟದ್ದು ಅಂತಲೇ ಬರೀರಿ. "ವಿಷಯ ಮುಖ್ಯವಾದದ್ದು, ಪ್ರಯತ್ನಕ್ಕೆ ಮೆಚ್ಚುಗೆ" ಅಂತ ಮೂರು ಸ್ಟಾರ್ ಎತ್ತಿ ಮೇಲಿಂದ ಹಾಕ್ತೀರಲ್ಲ, ಅದು ಎರಡು ಸ್ಟಾರಿಗಿಂತ ದೊಡ್ಡ ಅವಮಾನ. ಕೈಗೆ ತಾಗಬಾರದು ಅಂತ ಮೇಲಿಂದ ನೀರು ಹುಯ್ಯೋದನ್ನ ನಾವು ಬೊಗಸೆ ಒಡ್ಡಿ ಕಂಡಿದೀವಿ. ಆ ಕನಿಕರ ನಮಗೆ ಬೇಡ.

ನಾನು ಕೇಳೋದು ಸ್ಟಾರಿನಲ್ಲಿ ಮೀಸಲಾತಿ ಅಲ್ಲ. ಕೇಳೋದು ಇಷ್ಟು: ಹಾರರ್ ಇರಲಿ, ಕಾಮಿಡಿ ಇರಲಿ, ನೂರು ಕೋಟಿ ಸಿನಿಮಾ ಇರಲಿ, ಅವಾರ್ಡ್ ಸಿನಿಮಾ ಇರಲಿ, ಎಲ್ಲದಕ್ಕೂ ಒಂದು ಪ್ರಶ್ನೆ ಸಮವಾಗಿ ಹಾಕಿ. ಇದರಲ್ಲಿ ಯಾರ ಖರ್ಚಿನಲ್ಲಿ ನಗು, ಯಾರ ಖರ್ಚಿನಲ್ಲಿ ಭಯ, ಯಾರ ಖರ್ಚಿನಲ್ಲಿ ಹೀರೋ? ಉತ್ತರ ಬರೆದ ಮೇಲೆ ನಿಮ್ಮ ಸ್ಟಾರ್ ಎಷ್ಟಾದರೂ ಕೊಡಿ. ಎರಡನೇದು, ಪತ್ರಿಕೆ, ಚಾನೆಲ್ ನಡೆಸೋರಿಗೆ. ಶುಕ್ರವಾರ ಸಿನಿಮಾ ನೋಡಿ ಬರೆಯೋಕೆ ಕಳಿಸ್ತೀರಲ್ಲ, ಅವರಲ್ಲಿ ನಮ್ಮ ಕೇರಿಯವರು ಎಷ್ಟು ಜನ ಅಂತ ಒಂದ್ಸಲ ಲೆಕ್ಕ ಹಾಕಿ. ನಮಗೆ ಹೇಳೋದೂ ಬೇಡ, ನಿಮಗೆ ಗೊತ್ತಾದರೆ ಸಾಕು.

ಅವರು ಲೆಕ್ಕ ಹಾಕೋ ತನಕ ನಾವು ಸುಮ್ಮನೆ ಕೂರಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಹಾಸ್ಟೆಲ್ ಹುಡುಗ ಹುಡುಗಿಯರಿಗೆ ಹೇಳಿದೀನಿ. ತಿಂಗಳಿಗೊಂದು ಸಿನಿಮಾ ನೋಡಿ, ಒಂದು ನೋಟ್‌ಬುಕ್ ಇಡಿ, ಅನ್ನಿಸಿದ್ದು ಬರೀರಿ. ಸೂರಗೊಂಡನಕೊಪ್ಪದ ಕಡೆಯ ತಾಂಡಾ ಹುಡುಗಿಯೊಬ್ಬಳು ಆಗಲೇ ಎರಡು ಪುಟ ಬರೆದು ಕಳಿಸಿದಾಳೆ. ಸಿನಿಮಾದಲ್ಲಿ ಲಂಬಾಣಿ ಬಟ್ಟೆ ಬರೋದು ಐಟಂ ಹಾಡಿಗೆ ಮಾತ್ರ ಯಾಕೆ ಅಂತ ಕೇಳಿದಾಳೆ. ಉತ್ತರ ಇದ್ದೋರು ಕಾಮೆಂಟಲ್ಲಿ ಹಾಕಿ, ಅವಳಿಗೆ ತಲುಪಿಸ್ತೀನಿ.

ಜಗಳೂರಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಅಜ್ಜಿಯ ಮಾತು ಬರೆದಿದೀವಿ. ಲೋಟದ ಸೀನು ಇನ್ನೊಂಚೂರು ಹೊತ್ತು ಇರಬೇಕಿತ್ತು. ಸ್ಟಾರ್ ಹಾಕಿಲ್ಲ.

ಜೈ ಭೀಮ್.