ನಡತೆಯ ಕಾಲಮ್ಮಿನಲ್ಲಿ ನಾವು ಏನು ಬರೀಬೇಕು?

ನಮ್ಮ ಕೇರಿಯಿಂದ ಹೋದ ಹುಡುಗನೊಬ್ಬ ಅಮೆರಿಕದಲ್ಲಿ ಪೌರತ್ವದ ಅರ್ಜಿ ತುಂಬುತ್ತಾ ಕೂತಿದ್ದಾನೆ. ಎನ್-400 ಅಂತ ಆ ಅರ್ಜಿಯ ಹೆಸರು. ಅದರೊಳಗೊಂದು ಪ್ರಶ್ನೆ: ಯಾವತ್ತಾದರೂ ಪೊಲೀಸರು ನಿನ್ನನ್ನು ಹಿಡಿದಿದ್ದಾರೆಯೆ, ತಡೆದು ಕೂರಿಸಿದ್ದಾರೆಯೆ, ದಂಡದ ಚೀಟಿ ಹರಿದಿದ್ದಾರೆಯೆ, ಆಪಾದನೆ ಹೊರಿಸಿದ್ದಾರೆಯೆ? ಅಮೆರಿಕದಲ್ಲಿ ಮಾತ್ರವಲ್ಲ, ಬೇರೆ ಎಲ್ಲೇ ಆದರೂ. ಆ 'ಯಾವತ್ತಾದರೂ' ಎಂಬ ಮಾತನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ.

ಇವನಿಗೆ ಅಲ್ಲಿ ಕಾರು ಜೋರಾಗಿ ಓಡಿಸಿದ್ದಕ್ಕೆ ಬಿದ್ದ ಒಂದು ಚೀಟಿ ಇದೆ. ದಂಡ ಕಟ್ಟಿ ಮುಗಿಸಿದ್ದಾನೆ. ಇಲ್ಲಿ, ಹಾಸ್ಟೆಲ್ಲಿನಲ್ಲಿ ಓದುವಾಗ ಹಳಸಿದ ಅನ್ನ ತಂದು ರಸ್ತೆ ಮೇಲಿಟ್ಟು ಕೂತಿದ್ದಕ್ಕೆ ಬಿದ್ದ ಒಂದು ಕೇಸಿದೆ. ಐಪಿಸಿ 143, 341. ಅಕ್ರಮ ಕೂಟ, ದಾರಿ ತಡೆದದ್ದು. ಮೂರು ವರ್ಷ ಕೋರ್ಟಿಗೆ ಅಲೆದು ಖುಲಾಸೆ ಆಯಿತು. ಎರಡನ್ನೂ ಬರೀಬೇಕಾ ಅಂತ ಕೇಳುತ್ತಾನೆ. ಸುತ್ತಲಿನ ಬುದ್ಧಿವಂತರು ಆಗಲೇ ಹೇಳಿಬಿಟ್ಟಿದ್ದಾರೆ: 'ಬಿಡೋ ಮಾರಾಯ, ಯಾರಿಗೆ ಗೊತ್ತಾಗುತ್ತೆ, ಸುಮ್ನೆ ಹೆಸರು ಕೆಡಿಸ್ಕೋಬೇಡ.'

ಬರಿ ಅನ್ನುತ್ತೇವೆ ನಾವು. ಎರಡನ್ನೂ ಬರಿ.

ಮೊದಲು ಕಾನೂನಿನ ಮಾತು ಮುಗಿಸೋಣ. ಒಂದು ವೇಗದ ಚೀಟಿಯಿಂದ ಯಾರ ಪೌರತ್ವವೂ ಮುಳುಗುವುದಿಲ್ಲ. ಮುಳುಗಿಸುವುದು ಪ್ರಮಾಣ ಮಾಡಿ ಕೂತಾಗ ಹೇಳುವ ಸುಳ್ಳು. ಪೌರತ್ವ ಗಿಟ್ಟಿಸಲೆಂದು ಸಂದರ್ಶನದಲ್ಲಿ ಸುಳ್ಳು ಸಾಕ್ಷ್ಯ ನುಡಿದರೆ ಆ ಸುಳ್ಳೇ 'ಒಳ್ಳೆಯ ನಡತೆ ಇಲ್ಲ' ಎನ್ನುವುದಕ್ಕೆ ಸಾಕು ಅನ್ನುತ್ತದೆ ಅಲ್ಲಿನ ಕಾನೂನು. ಮುಚ್ಚಿಟ್ಟ ಸಂಗತಿ ಸಾಸಿವೆಯಷ್ಟಿರಬಹುದು, ಮುಚ್ಚಿಟ್ಟದ್ದು ಮಾತ್ರ ಬೆಟ್ಟದಷ್ಟಾಗುತ್ತದೆ.

2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಮಾಸ್ಲೆನ್‌ಯಾಕ್ ಪ್ರಕರಣದ ವಾದ ನಡೆದಿತ್ತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಸರ್ಕಾರದ ವಕೀಲನನ್ನು ಕೇಳಿದರು: 55 ಮೈಲಿಯ ಮಿತಿ ಇರುವ ಕಡೆ ನಾನು 60ರಲ್ಲಿ ಓಡಿಸಿದ್ದೇನೆ, ಯಾರೂ ಹಿಡೀಲಿಲ್ಲ, ಅದನ್ನು ಅರ್ಜಿಯಲ್ಲಿ ಬರೀದೆ ಹೋದರೆ ಇಪ್ಪತ್ತು ವರ್ಷ ಆದ ಮೇಲೆ ನನ್ನ ಪೌರತ್ವ ಕಿತ್ತುಕೊಳ್ಳಬಹುದಾ? ವಕೀಲ ಇಲ್ಲ ಅನ್ನಲಿಲ್ಲ. ದೊಡ್ಡ ಪೀಠದವರೇ ಬೆಚ್ಚಿಬಿದ್ದರು. ಕಡೆಗೆ ಜೂನ್ ತಿಂಗಳಲ್ಲಿ, ಪೌರತ್ವ ಸಿಕ್ಕುವುದರಲ್ಲಿ ಯಾವ ಪಾತ್ರವನ್ನೂ ವಹಿಸದ ಸುಳ್ಳಿಗಾಗಿ ಪೌರತ್ವ ಕಸಿಯಬಾರದು ಅಂತ ತೀರ್ಪಾಯಿತು. ಆದರೆ ಆ ತೀರ್ಪಿನ ನೆರಳು ಪೌರತ್ವ ಕೈಗೆ ಬಂದವನಿಗೆ. ಅರ್ಜಿ ಹಿಡಕೊಂಡು ಮೇಜಿನ ಈಚೆ ಕೂತಿರುವ ನಮ್ಮ ಹುಡುಗನ ಬಿಸಿಲು ಹಾಗೇ ಇದೆ.

ಈಗ ನಮ್ಮ ಮಾತು. ನಡತೆ ಕೇಳುವ ಇವರ ನಡತೆ ಎಂಥದ್ದು?

1790ರಲ್ಲಿ ಆ ದೇಶ ಮಾಡಿದ ಮೊದಲ ಪೌರತ್ವ ಕಾನೂನಿನಲ್ಲೇ 'ಒಳ್ಳೆಯ ನಡತೆ' ಇತ್ತು. ಅದರ ಪಕ್ಕದಲ್ಲೇ 'ಸ್ವತಂತ್ರ ಬಿಳಿಯ ವ್ಯಕ್ತಿ' ಅಂತಲೂ ಇತ್ತು. ಒಂದೇ ಹಾಸಿಗೆಯಲ್ಲಿ ಹುಟ್ಟಿದ ಅವಳಿಗಳು ಇವು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರು, ಅಮೆರಿಕದ ಸೈನ್ಯದಲ್ಲೇ ದುಡಿದವರು, ಸುಪ್ರೀಂ ಕೋರ್ಟಿನ ಮುಂದೆ ನಿಂತಾಗ ಅವರ ಕಡೆಯ ವಾದ ಏನಾಗಿತ್ತು ಗೊತ್ತೆ ಗೆಳೆಯರೆ? ನಾನು ಮೇಲ್ಜಾತಿಯವ, ಆರ್ಯ, ಆದ್ದರಿಂದ ಬಿಳಿಯ. ನೀವು ಕರಿಯರನ್ನು ಹೇಗೆ ದೂರ ಇಡುತ್ತೀರೋ ನಮ್ಮ ಮೇಲ್ಜಾತಿಯವರೂ ಅಲ್ಲಿನ ಮೂಲನಿವಾಸಿಗಳನ್ನು ಹಾಗೇ ದೂರ ಇಡುತ್ತಾರೆ! ಜಾತಿಯ ಕೊಳೆಯನ್ನೇ ನಡತೆ ಪತ್ರ ಮಾಡಿಕೊಂಡು ಹಡಗು ಹತ್ತಿದ್ದರು ನಮ್ಮ ದೇಶದವರು. ಬಿಳಿಯ ನ್ಯಾಯಾಧೀಶರು ಒಪ್ಪಲಿಲ್ಲ. ಆರ್ಯನಾದರೂ ಸರಿಯೇ, ಜನಸಾಮಾನ್ಯರ ಕಣ್ಣಿಗೆ ನೀನು ಬಿಳಿಯನಲ್ಲ ಅಂದರು. 1946ರ ತನಕ ಭಾರತೀಯರಿಗೆ ಆ ಬಾಗಿಲು ಸರಿಯಾಗಿ ತೆರೆಯಲಿಲ್ಲ.

ಬಿಳಿಯ ಅನ್ನುವ ಪದ ಕಾನೂನಿನಿಂದ ಹೋಯಿತು, ನಡತೆ ಉಳಿಯಿತು. ಆದರೆ ಪೊಲೀಸನ ಚೀಟಿ ಯಾರ ಕೈಗೆ ಬೀಳುತ್ತದೆ? ಮಿಸೌರಿಯ ಫರ್ಗುಸನ್ ಊರಿನ ಬಗ್ಗೆ ಅವರದೇ ನ್ಯಾಯ ಇಲಾಖೆ 2015ರಲ್ಲಿ ವರದಿ ಕೊಟ್ಟಿತು. ಊರಿನಲ್ಲಿ ಕರಿಯರು ನೂರಕ್ಕೆ 67. ಪೊಲೀಸರು ಹರಿದ ಚೀಟಿಗಳಲ್ಲಿ ಅವರ ಪಾಲು ನೂರಕ್ಕೆ 90. ಊರಿನ ಖಜಾನೆ ತುಂಬುವುದಕ್ಕೆ ಚೀಟಿ ಹರೀತಿದ್ದರು ಅಂತಲೂ ಅದೇ ವರದಿ ಹೇಳಿತು. ಹೀಗೆ ಹರಿದ ಚೀಟಿಯಿಂದ ಮನುಷ್ಯನ ಗುಣ ಅಳೆಯುತ್ತಾರಂತೆ!

ಇದು ಸಾಲದು ಅಂತ 2025ರ ಆಗಸ್ಟಿನಲ್ಲಿ ಹೊಸ ಸುತ್ತೋಲೆಗಳು ಬಂದವು. ತಪ್ಪು ಮಾಡಿಲ್ಲ ಅನ್ನುವುದಷ್ಟೇ ಸಾಲದು, ಒಳ್ಳೆಯವನು ಅಂತ ರುಜುವಾತು ಮಾಡಬೇಕು. ಮತ್ತೆ ಮತ್ತೆ ಬಿದ್ದ ಸಂಚಾರದ ಚೀಟಿಗಳನ್ನೂ ತಕ್ಕಡಿಗೆ ಹಾಕಬಹುದು. ಬೇಕೆನಿಸಿದರೆ ನೆರೆಹೊರೆಯವರನ್ನೂ ಜೊತೆಗೆ ಕೆಲಸ ಮಾಡುವವರನ್ನೂ ವಿಚಾರಿಸಬಹುದು. ಇದನ್ನು ಓದಿದಾಗ ನಮಗೆ ನಗು ಬಂತು. ಊರಗೌಡನ ಜಗಲಿ ಮುಂದೆ ಚಪ್ಪಲಿ ಬಿಟ್ಟು ನಡತೆ ಪತ್ರಕ್ಕೆ ನಿಂತವರಲ್ಲವೆ ನಾವು? ಆ ನೆರೆಹೊರೆಯಲ್ಲಿ, ಆ ಆಫೀಸಿನಲ್ಲಿ, ನಮ್ಮೂರಿನ ಜಾತಿವಂತನೂ ಇದ್ದಾನಲ್ಲ. ಅವನು ಏನಂತಾನೆ?

ಇನ್ನು ನಮ್ಮ ಹುಡುಗನ ಇಲ್ಲಿನ ಕೇಸು. ದಲಿತರ ಮೇಲೆ ಕೇಸು ಹೇಗೆ ಬೀಳುತ್ತದೆ ಅನ್ನುವುದು ಅಮೆರಿಕದ ಅಧಿಕಾರಿಗೆ ಗೊತ್ತಿಲ್ಲದಿರಬಹುದು, ಈ ಪತ್ರಿಕೆ ಓದುವವರಿಗೆ ಗೊತ್ತು. ಬಾವಿಗೆ ಹೋದರೆ ಕೇಸು, ಹೋಟೆಲಿನಲ್ಲಿ ಲೋಟ ಕೇಳಿದರೆ ಕೇಸು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಟ್ಟರೆ ಸಂಜೆಯೊಳಗೆ ಪ್ರತಿದೂರು ತಯಾರು. ರಾಜಿಗೆ ಬಾ, ಇಲ್ಲದಿದ್ದರೆ ನಿನ್ನ ಮಗನ ಹೆಸರೂ ಸೇರುತ್ತೆ ಅನ್ನುವ ಬೆದರಿಕೆ. ಇತ್ತ 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಕ್ಕೆ ಒಬ್ಬ ಅಪರಾಧಿಯೂ ಸಿಗಲಿಲ್ಲ, ಹಳಸಿದ ಅನ್ನಕ್ಕೆ ಹನ್ನೊಂದು ಜನ ಸಿಕ್ಕಿದರು!

ಹಾಗಿದ್ದರೆ ನಾಚಿಕೆ ಯಾರಿಗೆ? ಮುಚ್ಚಿಡು ಅನ್ನುವವರು ನಮಗೆ ಉಪಕಾರ ಮಾಡುತ್ತಿಲ್ಲ. ಅಕ್ರಮ ಕೂಟ ಅಂತ ಠಾಣೆಯವನು ಬರೆದದ್ದನ್ನು ಅವರು ನಂಬಿಬಿಟ್ಟಿದ್ದಾರೆ, ನಾವೂ ನಂಬಬೇಕು ಅನ್ನುತ್ತಿದ್ದಾರೆ. ಆ ಕಾಲಮ್ಮಿನಲ್ಲಿ ಹೌದು ಅಂತ ಬರೆದು, ಜೊತೆಗೊಂದು ಹಾಳೆ ಇಟ್ಟು, ಯಾವ ದಿನ, ಯಾಕೆ ಕೂತೆವು, ಕೋರ್ಟು ಏನು ಹೇಳಿತು ಅಂತ ನಮ್ಮ ಮಾತಿನಲ್ಲಿ ಬರೆಯೋಣ. ಪೊಲೀಸನ ಕಡತದಲ್ಲಿ ಇಲ್ಲದ ಅರ್ಧ ಕಥೆ ಆ ಹಾಳೆಯಲ್ಲಾದರೂ ಇರಲಿ.

ಖುಲಾಸೆ ಆಗಿದೆ ಅಂತ ಬಾಯಲ್ಲಿ ಹೇಳಿದರೆ ಅಲ್ಲಿ ನಡೆಯುವುದಿಲ್ಲ. ತೀರ್ಪಿನ ದೃಢೀಕೃತ ನಕಲು ಬೇಕು. ನಮ್ಮ ಹುಡುಗನ ಬಳಿ ಅದಿಲ್ಲ. ತಾಲ್ಲೂಕು ಕೋರ್ಟಿನ ರೆಕಾರ್ಡು ರೂಮಿನಲ್ಲಿ ಕಡತ ಇದೆಯೋ, ಅವಧಿ ಮುಗಿಯಿತು ಅಂತ ನಾಶ ಮಾಡಿದ್ದಾರೋ, ಅವನ ಅಪ್ಪ ಮೂರು ಸಲ ಹೋಗಿ ಬಂದರೂ ಯಾರೂ ಹೇಳಿಲ್ಲ. ಆದ್ದರಿಂದ ಮೇಷ್ಟ್ರುಗಳೇ, ಹಾಸ್ಟೆಲ್ಲಿನ ಗೆಳೆಯರೆ, ಹೋರಾಟದ ಕೇಸು ಮುಗಿದ ವಾರವೇ ನಕಲಿಗೆ ಅರ್ಜಿ ಹಾಕಿಸಿ. ಎಫ್‌ಐಆರ್, ಚಾರ್ಜ್‌ಶೀಟು, ತೀರ್ಪು, ಮೂರೂ. ಇನ್ನೊಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿರಲಿ. ಆ ಹನ್ನೊಂದು ಜನರಲ್ಲಿ ಉಳಿದ ಹತ್ತು ಹುಡುಗರು ಇಲ್ಲೇ ಇದ್ದಾರೆ. ಅವರಲ್ಲಿ ಇಬ್ಬರು ಈ ವರ್ಷ ಸರ್ಕಾರಿ ನೌಕರಿಗೆ ಅರ್ಜಿ ಹಾಕಿದ್ದಾರೆ. ಅದರಲ್ಲೂ ಇದೇ ಕಾಲಮ್ಮು ಇದೆ.