ಅಳುವ ಮಗುವಿಗೆ ಯಾವ ಉತ್ತರ?

ಮಕ್ಕಳು ಕೇಳುವ ಪ್ರಶ್ನೆಗಳಲ್ಲೆಲ್ಲ ಕಠಿನವಾದುದು ಒಂದಿದೆ. ಮನೆಗೆ ಕಷ್ಟ ಬಂದಾಗ ಅದು ತಪ್ಪದೆ ಏಳುತ್ತದೆ. ತಂದೆಯ ಕಾಯಿಲೆ ಗುಣವಾಗಲಿಲ್ಲ. ಹೊಲಕ್ಕೆ ಮಳೆ ಬರಲಿಲ್ಲ. ತೊಟ್ಟಿಲಲ್ಲಿ ನಗುತ್ತಿದ್ದ ತಂಗಿ ಈಗ ಇಲ್ಲ. ರಾತ್ರಿಯ ಪ್ರಾರ್ಥನೆಗೆಂದು ಕೈಮುಗಿದ ಮಗು ನಡುವೆಯೇ ಕಣ್ಣು ತೆರೆದು, "ಅಷ್ಟು ಬೇಡಿಕೊಂಡರೂ ದೇವರು ಏಕೆ ಕೇಳಲಿಲ್ಲ?" ಎನ್ನುತ್ತದೆ. ಕ್ರೈಸ್ತರ ಮನೆಯಾಗಲಿ, ಬೇರೆಯವರ ಮನೆಯಾಗಲಿ, ಆ ಕ್ಷಣದಲ್ಲಿ ಹಿರಿಯರ ನಾಲಗೆ ತಡವರಿಸುತ್ತದೆ.

ಆಗ ಹೊರಡುವ ಮಾತುಗಳು ಸಾಮಾನ್ಯವಾಗಿ ಎರಡು ಬಗೆಯವು. ದೇವರು ಪರೀಕ್ಷಿಸುತ್ತಿದ್ದಾನೆಂಬುದು ಒಂದು. ಯಾರೋ ಮಾಡಿದ ಪಾಪ ಮನೆಯನ್ನು ಕಾಡುತ್ತಿದೆಯೆಂಬುದು ಇನ್ನೊಂದು. ಇವು ದೊಡ್ಡವರ ಭಯಕ್ಕೆ ಮದ್ದಾಗಬಹುದು. ಮಗುವಿನ ದುಃಖಕ್ಕೆ ಆಗಲಾರವು. ಏಳೆಂಟು ವರ್ಷದ ಮಗು ಆ ಮಾತನ್ನು ತನ್ನ ಲೆಕ್ಕಕ್ಕೇ ಹಚ್ಚಿಕೊಳ್ಳುತ್ತದೆ. ಮೊನ್ನೆ ತಾನು ಆಡಿದ ಸುಳ್ಳಿನಿಂದಲೇ ತಂಗಿ ಸತ್ತಳೆಂದು ನಿಶ್ಚಯಿಸಿಕೊಂಡು, ಅದನ್ನು ಯಾರಿಗೂ ಹೇಳದೆ ಒಳಗೊಳಗೇ ಬೇಯುತ್ತಿರುತ್ತದೆ.

ಸುವಾರ್ತೆಯನ್ನು ಓದುವ ಮನೆಗಳು ಇಲ್ಲಿ ಒಂದು ಪ್ರಸಂಗವನ್ನು ನೆನೆಯಬೇಕು. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಅವನ ಪಾಪದ ಫಲವೋ ಹೆತ್ತವರ ಪಾಪದ ಫಲವೋ ಎಂದು ಯೇಸುಸ್ವಾಮಿಯನ್ನು ಕೇಳಿದರು. ಎರಡೂ ಅಲ್ಲ, ದೇವರ ಕಾರ್ಯ ಅವನಲ್ಲಿ ಕಾಣಬೇಕಾಗಿದೆ ಎಂದು ಹೇಳಿದ ಸ್ವಾಮಿ, ವಾದವನ್ನು ಬೆಳೆಸದೆ ಆ ಕಣ್ಣುಗಳ ಕಡೆಗೆ ಕೈ ನೀಡಿದನು. ಗೆಳೆಯ ಲಾಜರನು ಸತ್ತಾಗ ಅವನೇ ಕಣ್ಣೀರಿಟ್ಟನು. ಶಿಲುಬೆಯ ಮೇಲೆ, ತನ್ನನ್ನು ಕೈಬಿಟ್ಟುದೇಕೆಂದು ದೇವರನ್ನೇ ಕೂಗಿ ಕೇಳಿದನು. ಆ ಕೂಗಿಗೂ ಮಗುವಿನ ಪ್ರಶ್ನೆಗೂ ಬಹಳ ದೂರವಿಲ್ಲ. ಪ್ರಶ್ನಿಸಿದ ಮಗು ನಂಬಿಕೆಯಿಂದ ಜಾರಿತೆಂದು ಗದರಿಸುವವರು ಆ ಕೂಗನ್ನು ಮರೆತವರು.

ಇದು ದೂರದೇಶದ ಹಳೆಯ ಕಥೆ ಮಾತ್ರವಲ್ಲ. ಕನ್ನಡದ ಮಕ್ಕಳೂ ಇದನ್ನು ಬದುಕಿದ್ದಾರೆ. ಹಾವೇರಿಯ ಬಳಿಯ ಅಗಡಿ, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆ ಮುಗಿಲನ್ನು ನೋಡಿ ಬಾಳಿದ ಸೀಮೆ. 1876ರಿಂದ 1878ರವರೆಗೆ, ಧಾತು-ಈಶ್ವರ ಸಂವತ್ಸರಗಳಲ್ಲಿ ಬಿದ್ದ ಘೋರ ಬರಗಾಲ ಅಂದಿನ ಧಾರವಾಡ ಜಿಲ್ಲೆಯನ್ನು ಹಿಂಡಿತು. ಊರೂರುಗಳಲ್ಲಿ ಮಕ್ಕಳು ತಬ್ಬಲಿಗಳಾದರು. ಬಾಸೆಲ್ ಮಿಶನ್ನಿನ ಕೇಂದ್ರಗಳು ಧಾರವಾಡದಲ್ಲಿ 1837ರಿಂದಲೂ ಹುಬ್ಬಳ್ಳಿಯಲ್ಲಿ 1839ರಿಂದಲೂ ಇದ್ದವು. ಮಿಶನ್ನಿನ ಅನಾಥಾಲಯಗಳು ಇಂಥ ಮಕ್ಕಳಿಗೆ ಬಾಗಿಲು ತೆರೆದವು. ಅನ್ನ, ಬಟ್ಟೆ, ಅಕ್ಷರ, ಅವುಗಳೊಡನೆ ಯೇಸುವಿನ ಕಥೆ, ಇವೆಲ್ಲ ಒಂದೇ ಸೂರಿನ ಕೆಳಗೆ ದೊರೆತವು.

ಇಲ್ಲಿ ಒಂದು ಕಟುವಾದ ಪ್ರಶ್ನೆಯಿಂದ ಮುಖ ತಿರುಗಿಸಲಾಗದು. ಗಂಜಿ ಕೊಟ್ಟ ಕೈಯೇ ನಂಬಿಕೆಯನ್ನೂ ಕೊಟ್ಟರೆ, ಹಸಿದ ಮಗು ಒಪ್ಪಿದ್ದು ಯಾವುದನ್ನು? ಆ ಮಕ್ಕಳಿಗೆ ಆಯ್ಕೆಯಿರಲಿಲ್ಲವೆಂಬುದು ನಿಜ. ಆ ಬಾಗಿಲು ತೆರೆಯದಿದ್ದರೆ ಎಷ್ಟೋ ಮಕ್ಕಳ ಜೀವ ಉಳಿಯುತ್ತಿರಲಿಲ್ಲವೆಂಬುದೂ ನಿಜ. ಅನ್ನದ ಬೆಲೆಯಾಗಿ ಕೇಳಿದ ನಂಬಿಕೆ ನಂಬಿಕೆಯಲ್ಲ, ಸಾಲ. ಬೆಳೆದ ಮೇಲೆ ಮಗು ಅದನ್ನು ತೀರಿಸಿ ಕೈತೊಳೆದುಕೊಂಡೀತು. ಈ ಎಚ್ಚರ ಮಿಶನ್ನಿನವರಿಗೆ ಮಾತ್ರವಲ್ಲ, ಹೆತ್ತವರಿಗೂ ಬೇಕು. ಸಾಕಿದ ಋಣವನ್ನು ಮುಂದಿಟ್ಟು ಮಗುವನ್ನು ಮೊಣಕಾಲೂರಿಸುವ ತಂದೆಯೂ ಸಾಲವನ್ನೇ ವಸೂಲು ಮಾಡುತ್ತಾನೆ.

ಹಾಗಾದರೆ ಉಳಿಯುವ ನಂಬಿಕೆ ಹೇಗೆ ಬೆಳೆದೀತು? ಆ ಬರ ಕಳೆದ ಕೆಲವೇ ವರ್ಷಗಳಿಗೆ, 1881ರಲ್ಲಿ, ಧಾರವಾಡದ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರ ಬಾಳಿನಲ್ಲಿ ಇದಕ್ಕೊಂದು ಉತ್ತರವಿದೆ. ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಅವರು ತಮ್ಮನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದುಕೊಂಡರು. ಹಳ್ಳಿಹಳ್ಳಿ ಅಲೆದು, ಓಲೆಗರಿಗಳನ್ನು ಹುಡುಕಿ, ಇದೇ ಹಾವೇರಿ ಸೀಮೆಯ ಅಬಲೂರಿನೊಡನೆ ಹೆಸರು ಬೆಸೆದುಕೊಂಡ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠ ಅವರದಾಯಿತು. ಕ್ರಿಸ್ತನನ್ನು ಹಿಡಿಯಲು ಕನ್ನಡವನ್ನು ಬಿಡಬೇಕಾಗಿಲ್ಲವೆಂದು ಆ ಬಾಳು ತೋರಿಸಿತು. ಅವರಿಗಿಂತ ಮೊದಲೇ ಕಿಟೆಲ್ಲರು ಯೇಸುವಿನ ಕಥೆಯನ್ನು ಹಾಡಿನ ಮಟ್ಟಿಗೆ ಹೊಂದಿಸಿ 1862ರಲ್ಲಿ 'ಕಥಾಮಾಲೆ'ಯನ್ನು ಹೊರತಂದಿದ್ದರು. ತಾಯ ನುಡಿಯಲ್ಲಿ, ಕಥೆಯಾಗಿ, ಹಾಡಾಗಿ ಬಂದುದು ಮಗುವಿನ ಎದೆಯಲ್ಲಿ ನಿಲ್ಲುತ್ತದೆ. ಕಂಠಪಾಠದ ಪ್ರಶ್ನೋತ್ತರ ಪರೀಕ್ಷೆಯ ಮರುದಿನ ಹಾರಿಹೋಗುತ್ತದೆ.

ಈ ಗುಟ್ಟನ್ನು ಅಗಡಿಯೂ ತನ್ನ ದಾರಿಯಲ್ಲಿ ಕಂಡುಕೊಂಡಿತು. ಶೇಷಾಚಲ ಸದ್ಗುರುಗಳ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯಲ್ಲಿ ಗಳಗನಾಥರು ಕಾದಂಬರಿಗಳ ಮೂಲಕವೇ ಮನೆಮನೆಗೆ ಧರ್ಮಬೋಧೆಯನ್ನು ಮುಟ್ಟಿಸಿದರು. ಪುಸ್ತಕದ ಹೊರೆಯನ್ನು ತಲೆಯ ಮೇಲೆ ಹೊತ್ತು ಮಾರಿದ ಆ ಮೇಷ್ಟ್ರು ನಂಬಿದ್ದೂ ಕಥೆಯನ್ನೇ. ಮತ ಬೇರೆಯಾದರೂ ಮಗುವಿನ ಮನಸ್ಸಿಗೆ ಹೋಗುವ ಹಾದಿ ಒಂದೇ.

ಆದುದರಿಂದ ಕಷ್ಟದ ದಿನಗಳಲ್ಲಿ ಕ್ರೈಸ್ತ ತಾಯ್ತಂದೆಗಳು ಮಾಡಬೇಕಾದುದು ಹೆಚ್ಚಿಲ್ಲ. ಆದರೆ ಸುಲಭವೂ ಅಲ್ಲ. ಸಾವನ್ನು 'ಊರಿಗೆ ಹೋಗಿದ್ದಾಳೆ' ಎಂಬ ಸುಳ್ಳಿನಿಂದ ಮುಚ್ಚಬಾರದು. ಇದು ನಿನ್ನ ತಪ್ಪಲ್ಲವೆಂದು ಬಾಯಿಬಿಟ್ಟು ಹೇಳಬೇಕು; ಒಮ್ಮೆಯಲ್ಲ, ಹತ್ತು ಸಲ. ಕೃತಜ್ಞತೆಯ ಕೀರ್ತನೆಗಳೊಡನೆ ಗೋಳಿನ ಕೀರ್ತನೆಗಳನ್ನೂ ಮನೆಯಲ್ಲಿ ಓದಬೇಕು. ದಾವೀದನ ಗ್ರಂಥದಲ್ಲಿ ಅವುಗಳಿಗೆ ಕೊರತೆಯಿಲ್ಲ. ತಂದೆ ಅಳುವುದನ್ನು ಮಗು ಕಂಡರೆ ನಷ್ಟವಿಲ್ಲ. ಅತ್ತ ತಂದೆ ಮರುದಿನ ಪಕ್ಕದ ಮನೆಯ ರೋಗಿಗೆ ಗಂಜಿ ಒಯ್ಯುವುದನ್ನೂ ಅದು ಕಾಣಬೇಕು. ಬೈಬಲ್ಲಿನ ಪುಟಕ್ಕಿಂತ ಮೊದಲು ಮಗು ಓದುವುದು ಆ ಪುಟವನ್ನು.

ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ, ತಿಳಿಯದೆಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ. "ನನಗೂ ಗೊತ್ತಿಲ್ಲ ಮಗೂ, ಇಬ್ಬರೂ ಕೂಡಿ ದೇವರನ್ನೇ ಕೇಳೋಣ" ಎಂದು ತಾಯಿ ಹೇಳಿದರೆ ಸಾಕು. ಅರ್ಧಕ್ಕೆ ಕೈಬಿಟ್ಟ ಪ್ರಾರ್ಥನೆಗೆ ಮಗು ಮತ್ತೆ ಕೈಮುಗಿದೀತು. ಆ ರಾತ್ರಿ ಮುಗಿಯದಿದ್ದರೆ ಬೇಡ. ನಾಳೆಯ ರಾತ್ರಿಯೂ ಒಂದಿದೆ.