ಬಿದರಿ ಕೆಲಸ ಪರದೆಗೆ ಬಂದಾಗ

ಬಿದರಿ ಹೂದಾನಿಯ ಫೋಟೊ ಬಹಳ ಚೆನ್ನಾಗಿ ಬರುತ್ತದೆ. ಆದರೆ ಕಪ್ಪು ಬಣ್ಣ ಬಳಿದು, ಮೇಲೆ ಬೆಳ್ಳಿ ಬಣ್ಣದ ಬಳ್ಳಿ ಬಿಡಿಸಿದ ಅಗ್ಗದ ಹೂದಾನಿಯ ಫೋಟೊ ಕೂಡ ಅಷ್ಟೇ ಚೆನ್ನಾಗಿ ಬರುತ್ತದೆ. ಮೊಬೈಲಿನಲ್ಲಿ ಎರಡೂ ಒಂದೇ ಥರ ಕಂಡರೆ ಜನ ಅಗ್ಗದ್ದನ್ನೇ ಕೊಳ್ಳುತ್ತಾರೆ. ಹಾಗಾಗಿ ಕಲೆಯನ್ನೇ ನಂಬಿ ಬದುಕುವವರು ಇನ್‌ಸ್ಟಾಗ್ರಾಮ್‌ನಲ್ಲಿ ಸಿದ್ಧ ವಸ್ತುವಿಗಿಂತ ಮೊದಲು ತಮ್ಮ ಕೆಲಸವನ್ನು ತೋರಿಸಬೇಕು ಎನ್ನುತ್ತೇನೆ.

ಬಿದರಿ ಕಲೆಯ ತವರಾದ ಬೀದರಿನಲ್ಲಿ ತೋರಿಸಲು ಬೇಕಾದಷ್ಟಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪಾಗಿಸಿದ ಮೈಗೆ ಮೈಲುತುತ್ತದ ನೀರು ಸವರಿದಾಗ ಅದು ಸದ್ಯಕ್ಕೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚಿತ್ತಾರ ಗೀಚಿ, ಉಳಿಯಿಂದ ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದರೆ ಬೆಳ್ಳಿ, ಸತು ಎರಡೂ ಬೆಳ್ಳಗಾಗಿ ಚಿತ್ತಾರ ಹೆಚ್ಚುಕಡಿಮೆ ಅಳಿಸಿಹೋದಂತೆ ಕಾಣುತ್ತದೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ತುಸು ಬಿಸಿ ಮಾಡಿದ ವಸ್ತುವಿಗೆ ಸವರುತ್ತಾರೆ. ಸತುವಿನ ಮೈ ಖಾಯಮ್ಮಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಒಂದು ನಿಮಿಷದ ರೀಲ್ಸ್‌ಗೆ ಇದಕ್ಕಿಂತ ಒಳ್ಳೆಯ ವಿಷಯ ಎಲ್ಲಿದೆ? ನಕಲು ಮಾರುವವನು ಇದನ್ನು ತೋರಿಸಲಾರ.

2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ದೇಶವೇ ಈ ಕಲೆಯತ್ತ ತಿರುಗಿ ನೋಡಿತು. ಅಂಥ ಗೌರವ ಅಪರೂಪಕ್ಕೆ, ಒಬ್ಬರಿಗೆ ಬರುತ್ತದೆ. ಬೀದರಿನ ಉಳಿದ ಕುಶಲಕರ್ಮಿಗಳಿಗೆ ದಿನವೂ ಗಿರಾಕಿ ಬೇಕು. ನಡುವಿನ ವ್ಯಾಪಾರಿಯನ್ನು ದಾಟಿ, ಮಾಡಿದವರ ಹೆಸರಿನಲ್ಲೇ ವಸ್ತುವನ್ನು ಗಿರಾಕಿಗೆ ಮುಟ್ಟಿಸುವ ದಾರಿ ಈಗ ಅವರ ಜೇಬಿನಲ್ಲೇ ಇದೆ. ಇದನ್ನು ಬಿಡಬಾರದು.

ಆದರೆ ಜಾಲತಾಣ ದಿನವೂ ಹೊಸದನ್ನು ಕೇಳುತ್ತದೆ. ಕುಸುರಿ ಹೆಚ್ಚಿರುವ ಒಂದು ಹೂಜಿಗೆ ವಾರಗಳೇ ಹಿಡಿಯುತ್ತವೆ. ದಿನಕ್ಕೊಂದು ವಿಡಿಯೊ ಹಾಕುವ ಆತುರಕ್ಕೆ ಬಿದ್ದು ಬೇಗ ಮುಗಿಯುವ ಲಾಕೆಟ್, ಕೀಲಿಗೊಂಚಲುಗಳನ್ನಷ್ಟೇ ಮಾಡುತ್ತ ಹೋದರೆ ಕೈ ತನ್ನ ಕಸುಬನ್ನೇ ಮರೆತೀತು. ಲಾಕೆಟ್ ಮಾಡುವುದು ತಪ್ಪಲ್ಲ, ಮನೆ ನಡೆಯಬೇಕಲ್ಲ. ಆದರೆ ಏನನ್ನು ಮಾಡಬೇಕೆಂದು ಲೈಕುಗಳು ತೀರ್ಮಾನಿಸಬಾರದು. ಒಂದೇ ಹೂಜಿಯನ್ನು ಎರಕದಿಂದ ಹೊಳಪಿನವರೆಗೆ ವಾರವಾರವೂ ತೋರಿಸುತ್ತ ಹೋಗಬಹುದು. ಚಿತ್ರೀಕರಣವನ್ನು ಮನೆಯ ಮಕ್ಕಳು ನೋಡಿಕೊಳ್ಳಲಿ, ಉಳಿ ಹಿಡಿದವರು ಉಳಿ ಕೆಳಗಿಡುವುದು ಬೇಡ.

ಜಾಲತಾಣವನ್ನೇ ಪೂರ್ತಿ ನಂಬಿಕೊಳ್ಳುವಂತೆಯೂ ಇಲ್ಲ. 2020ರ ಜೂನ್‌ನಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಲಕ್ಷಾಂತರ ಹಿಂಬಾಲಕರಿದ್ದವರೂ ಒಮ್ಮೆಲೇ ಬರಿಗೈಯಾದರು. ಅದಕ್ಕೇ ಕೊಂಡವರ ಹೆಸರು, ಫೋನ್ ನಂಬರನ್ನು ಸ್ವಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಜೊತೆಗೆ, ‘ಬೆಲೆಗೆ ಮೆಸೇಜ್ ಮಾಡಿ’ ಎನ್ನುವ ಪದ್ಧತಿ ಬಿಡಬೇಕು. ಬೆಲೆ ಇಷ್ಟು, ಬೆಳ್ಳಿ ಇಷ್ಟು ಗ್ರಾಂ, ಕೆಲಸ ಇಷ್ಟು ದಿನ ಎಂದು ಫೋಟೊದ ಕೆಳಗೇ ಬರೆದರೆ, ಚೌಕಾಸಿಗೆ ಬಂದವರಿಗೂ ತಾವು ಯಾರ ಕೂಲಿಯನ್ನು ಕಡಿಮೆ ಮಾಡಲು ಹೊರಟಿದ್ದೇವೆಂದು ತಿಳಿಯುತ್ತದೆ.